ಎರಡನೆಯ ದಾರಿಯಲ್ಲಿ ಒಬ್ಬ ಅರ್ಜುನ: ಬೆಂಗಳೂರಿನಿಂದ ಜರ್ಮನಿಯ ಟೂರಿಂಗ್ ಕಾರ್ ಕಣದವರೆಗೆ



ಕ್ರೀಡೆಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರುಗಳು ಗುಂಡಪ್ಪ ವಿಶ್ವನಾಥ್, ಪ್ರಸನ್ನ, ಕುಂಬ್ಳೆ, ದ್ರಾವಿಡ್. ಬ್ಯಾಡ್ಮಿಂಟನ್ ಬಲ್ಲವರು ಪ್ರಕಾಶ್ ಪಡುಕೋಣೆಯವರನ್ನು ಸೇರಿಸುತ್ತಾರೆ. ಕಾರ್ ರೇಸಿಂಗ್ ಎಂಬ ಕ್ರೀಡೆಯಲ್ಲಿ ಕರ್ನಾಟಕದ ಹೆಸರು ಕೇಳಿದರೆ ಬಹುತೇಕ ಮನೆಗಳು ಮೌನವಾಗುತ್ತವೆ. ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ತರುಣ 2021ರಿಂದ ಯುರೋಪಿನ ಅತ್ಯಂತ ಪ್ರತಿಷ್ಠಿತ ಟೂರಿಂಗ್ ಕಾರ್ ಸರಣಿಯಾದ ಡಿಟಿಎಂನಲ್ಲಿ ವರ್ಷ ವರ್ಷವೂ ಸ್ಪರ್ಧಿಸುತ್ತಿದ್ದಾರೆ. ಆ ಸರಣಿಯಲ್ಲಿ ಚಾಲಕನ ಆಸನ ಪಡೆದ ಮೊದಲ ಭಾರತೀಯ ಅವರು. ಅದರ ವಿಜಯವೇದಿಕೆಯನ್ನು ಏರಿದ ಮೊದಲ ಭಾರತೀಯರೂ ಅವರೇ. ಹೆಸರು ಅರ್ಜುನ್ ಮೈನಿ.

ಅವರು ಡಿಟಿಎಂ ಸರಣಿಯ ಚಾಂಪಿಯನ್ ಪಟ್ಟವನ್ನು ಗೆದ್ದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಟ್ಟ ಗೆಲ್ಲದ ಒಬ್ಬ ಕ್ರೀಡಾಪಟುವಿನ ಚರಿತ್ರೆಯನ್ನು ಏಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥ ಕುಟುಂಬಗಳಿಗೆ ಈ ಚರಿತ್ರೆಯೇ ಹೆಚ್ಚು ಹತ್ತಿರವಾದುದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ತಾನಾಗಿ ಸ್ಪಷ್ಟವಾಗುತ್ತದೆ.

ಟೂರಿಂಗ್ ಕಾರ್ ಎಂದರೇನು?

ಫಾರ್ಮುಲಾ ಒನ್ ಕಾರುಗಳನ್ನು ಎಲ್ಲರೂ ಚಿತ್ರದಲ್ಲಾದರೂ ನೋಡಿರುತ್ತೇವೆ. ಒಂದೇ ಆಸನ, ತೆರೆದ ಚಕ್ರಗಳು, ಬಾಣದಂಥ ಮೈ. ಅದನ್ನು ರಸ್ತೆಯ ಮೇಲೆ ಯಾರೂ ಓಡಿಸಲಾರರು. ಟೂರಿಂಗ್ ಕಾರ್ ಹಾಗಲ್ಲ. ಅದಕ್ಕೆ ಬಾಗಿಲುಗಳಿವೆ, ಮಾಡಿದೆ, ಮುಚ್ಚಿದ ಚಕ್ರಗಳಿವೆ. ನಮ್ಮ ಮನೆಯ ಮುಂದೆ ನಿಲ್ಲುವ ಕಾರಿನ ಅಣ್ಣನಂತೆ ಕಾಣುತ್ತದೆ. ಕಾರ್ಖಾನೆಯಿಂದ ಬಂದ ಮಾದರಿಯನ್ನು ಸ್ಪರ್ಧೆಗೆಂದು ಬಲಪಡಿಸಿ ಕಣಕ್ಕಿಳಿಸುವುದು ಈ ಕ್ರೀಡೆಯ ಮೂಲ ಕಲ್ಪನೆ. ಭಾರತದಲ್ಲಿಯೂ ಇದರ ಹಳೆಯ ರೂಪವೊಂದಿತ್ತು. ಮದರಾಸಿನ ಹತ್ತಿರದ ಶೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ಫಿಯಟ್, ಹೆರಾಲ್ಡ್, ಅಂಬಾಸಿಡರ್ ಕಾರುಗಳು ಪರಸ್ಪರ ಮೈ ಉಜ್ಜಿಕೊಂಡು ಓಡುತ್ತಿದ್ದುದನ್ನು ನೋಡಿದ ಹಿರಿಯರು ನಮ್ಮ ನಡುವೆ ಇನ್ನೂ ಇರಬಹುದು.

ಜರ್ಮನಿಯಲ್ಲಿ ಈ ಸರಣಿ 1984ರಲ್ಲಿ ಆರಂಭವಾಯಿತು. ಬಿಎಂಡಬ್ಲ್ಯು ಎಂ3, ಮರ್ಸಿಡಿಸ್ 190ಇ ಮುಂತಾದ ಕಾರುಗಳು ಅಲ್ಲಿ ಮನೆಮಾತಾದವು. ಖರ್ಚು ಮಿತಿಮೀರಿದ ಕಾರಣ 1996ರ ಕೊನೆಗೆ ಅದು ನಿಂತುಹೋಯಿತು. 2000ದಲ್ಲಿ ಡಾಯ್ಚ ಟೂರೆನ್‌ವಾಗನ್ ಮಾಸ್ಟರ್ಸ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಇದರ ಸಂಕ್ಷಿಪ್ತ ರೂಪವೇ ಡಿಟಿಎಂ. ಬೆರ್ನ್ಡ್ ಶ್ನೈಡರ್ ಇಲ್ಲಿ ಐದು ಬಾರಿ ಪಟ್ಟ ಗೆದ್ದರು. ಫಾರ್ಮುಲಾ ಒನ್ ಪಟ್ಟವನ್ನು ಎರಡು ಬಾರಿ ಗೆದ್ದ ಮಿಕಾ ಹಾಕಿನೆನ್ ನಿವೃತ್ತಿಯ ನಂತರ 2005ರಿಂದ 2007ರವರೆಗೆ ಇಲ್ಲಿ ಓಡಿದರು. ಜ್ಯಾಂ ಅಲೇಸಿ, ರಾಲ್ಫ್ ಶುಮಾಕರ್ ಕೂಡ ಬಂದರು. 2021ರಿಂದ ಈ ಸರಣಿ ಜಿಟಿ3 ಎಂಬ ದರ್ಜೆಯ ಕಾರುಗಳನ್ನು ಬಳಸುತ್ತಿದೆ. ಈ ದರ್ಜೆಯ ಕಾರುಗಳು ಸುಮಾರು 550 ಅಶ್ವಶಕ್ತಿಯ, 1,300 ಕಿಲೋ ಆಸುಪಾಸಿನ ಗಟ್ಟಿ ಯಂತ್ರಗಳು.

ಈ ಸರಣಿಯ ಒಂದು ನಿಯಮ ನಮ್ಮ ಗಮನಕ್ಕೆ ಅರ್ಹವಾಗಿದೆ. ಒಂದು ರೇಸಿನಲ್ಲಿ ಗೆದ್ದವರ ಕಾರಿಗೆ ಮುಂದಿನ ರೇಸಿನಲ್ಲಿ ಹೆಚ್ಚುವರಿ ತೂಕವನ್ನು ಹೇರುವ ಪದ್ಧತಿ ಇಲ್ಲಿ ಬಹುಕಾಲ ನಡೆದುಬಂದಿದೆ. ಗೆದ್ದವನು ಭಾರ ಹೊತ್ತು ಮತ್ತೆ ಓಡಬೇಕು. ಬೇರೆ ಬೇರೆ ಕಂಪನಿಗಳ ಕಾರುಗಳ ಬಲವನ್ನೂ ನಿಯಮಗಳ ಮೂಲಕ ಹತ್ತಿರ ಹತ್ತಿರ ತರುತ್ತಾರೆ. ಹೀಗಾಗಿ ಒಂದೇ ತಂಡ ವರ್ಷವಿಡೀ ಮೆರೆಯುವುದು ಕಷ್ಟ. ಮೊದಲ ಸ್ಥಾನಕ್ಕೂ ಹತ್ತನೆಯ ಸ್ಥಾನಕ್ಕೂ ಇರುವ ಅಂತರ ಹಲವೊಮ್ಮೆ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಮಾತ್ರ.

ಇದು ಜರ್ಮನಿಯ ಕಥೆ ಮಾತ್ರವಲ್ಲ. ನಾವು ವಾಸಿಸುವ ಈ ಕೊಲ್ಲಿ ಪ್ರದೇಶದ ಸುತ್ತಲೂ ಇದೇ ಕ್ರೀಡೆಯ ದೊಡ್ಡ ಪರಂಪರೆಯಿದೆ. ಹೆದ್ದಾರಿ 37 ಮತ್ತು 121 ಸೇರುವಲ್ಲಿ 1968ರಲ್ಲಿ ತೆರೆದ ಸೋನೋಮಾ ರೇಸ್‌ವೇ ಇದೆ. ಆಗ ಅದರ ಹೆಸರು ಸಿಯರ್ಸ್ ಪಾಯಿಂಟ್. ದಕ್ಷಿಣಕ್ಕೆ ಮಾಂಟರೇ ಬಳಿ 1957ರಿಂದ ಲಗುನಾ ಸೆಕಾ ಇದೆ. ಅಮೆರಿಕದ ಟೂರಿಂಗ್ ಕಾರ್ ಸರಣಿಯಾದ ಟ್ರಾನ್ಸ್-ಆ್ಯಮ್ 1966ರಲ್ಲಿ ಸೆಡಾನ್ ಕಾರುಗಳ ಚಾಂಪಿಯನ್‌ಷಿಪ್ ಆಗಿಯೇ ಹುಟ್ಟಿತು. 1970ರಲ್ಲಿ ಅದರ ಮೊದಲ ಸುತ್ತು ಲಗುನಾ ಸೆಕಾದಲ್ಲಿ ನಡೆದಾಗ ಗೆದ್ದವರು ಫೋರ್ಡ್ ಮಸ್ಟಾಂಗ್ ಓಡಿಸಿದ ಪಾರ್ನೆಲ್ಲಿ ಜೋನ್ಸ್. ಈಸ್ಟ್ ಬೇ ಭಾಗದ ಗ್ರೆಗ್ ಪಿಕೆಟ್ 1978ರಲ್ಲಿ ಇದೇ ಸರಣಿಯ ಎರಡನೆಯ ವರ್ಗದಲ್ಲಿ ಚಾಂಪಿಯನ್ ಆದರು. ಮಸಲ್ ಮಿಲ್ಕ್ ಪೇಯವನ್ನು ಮಾರುಕಟ್ಟೆಗೆ ತಂದ ಕಂಪನಿಯ ಸ್ಥಾಪಕರೆಂದು ಅವರನ್ನು ಬಲ್ಲವರು ನಮ್ಮಲ್ಲಿ ಹೆಚ್ಚು.

ಕಾರುಗಳ ನಡುವೆ ಬೆಳೆದ ಮನೆ

ಅರ್ಜುನ್ ಹುಟ್ಟಿದ್ದು 1997ರ ಡಿಸೆಂಬರ್ 10ರಂದು, ಬೆಂಗಳೂರಿನಲ್ಲಿ. ಅಜ್ಜ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಯಂತ್ರಭಾಗಗಳ ಉದ್ಯಮವನ್ನು ಕಟ್ಟಿ ಬೆಳೆಸಿದವರು. ತಂದೆ ಗೌತಮ್ ಮೈನಿ ಸ್ವತಃ ಭಾರತದ ರೇಸ್ ಕಣಗಳಲ್ಲಿ ಕಾರು ಓಡಿಸಿದವರು. ಚಿಕ್ಕಪ್ಪ ಚೇತನ್ ಮೈನಿಯವರ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತ. ಕೆಲವರಿಗೆ ಇನ್ನೂ ಹತ್ತಿರದ್ದು. ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸೌರಶಕ್ತಿಯ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ಆ ತಂಡ 1990ರ ಅಮೆರಿಕದ ಸನ್‌ರೇಸ್ ಸ್ಪರ್ಧೆಯನ್ನು ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾದ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಅನಂತರ ಚೇತನ್ ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಊರಿಗೆ ಮರಳಿ ಅವರು ರೂಪಿಸಿದ ವಿದ್ಯುತ್ ಕಾರು ರೇವಾ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲನ್ನು ಕೊಂಡಿತು.

ಇಂಥ ಮನೆಯಲ್ಲಿ ಹುಟ್ಟಿದ ಮಗು ಗೋ-ಕಾರ್ಟ್ ಹತ್ತುವುದು ಆಶ್ಚರ್ಯವಲ್ಲ. ಆದರೆ ಕರ್ನಾಟಕದಲ್ಲಿ ಅಂತಾರಾಷ್ಟ್ರೀಯ ದರ್ಜೆಯ ಕಾಯಂ ರೇಸ್ ಪಥ ಇರಲಿಲ್ಲ. ರ್ಯಾಲಿಯ ಪರಂಪರೆ ಮಾತ್ರ ಗಟ್ಟಿಯಾಗಿತ್ತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿಯ ಹೆಸರನ್ನು ಬೆಂಗಳೂರಿಗರು ಕೇಳಿರುತ್ತಾರೆ. ಪಥದ ಮೇಲಿನ ರೇಸಿಂಗ್ ಕಲಿಯಬೇಕಾದ ಹುಡುಗರು ಚೆನ್ನೈ ಬಳಿಯ ಶ್ರೀಪೆರುಂಬುದೂರಿಗೋ ಕೊಯಮತ್ತೂರಿಗೋ ಹೋಗಬೇಕಿತ್ತು. ಮುಂದೆ ಬೆಳೆಯಬೇಕಾದರೆ ಯುರೋಪಿಗೆ.

ಆ ಬಾಗಿಲು ಅರ್ಜುನರಿಗೆ 2011ರಲ್ಲಿ ತೆರೆಯಿತು. ಆಗ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಸಹಾರಾ ಫೋರ್ಸ್ ಇಂಡಿಯಾ ತಂಡ ದೇಶಾದ್ಯಂತ ಪ್ರತಿಭಾಶೋಧ ನಡೆಸಿತು. ನೂರು ಕೋಟಿಯಲ್ಲೊಬ್ಬ ಎಂಬ ಅರ್ಥದ ಹೆಸರು ಅದಕ್ಕೆ. ಆರಿಸಿ ಬಂದ ಮೂವರು ಬಾಲಕರು ಅರ್ಜುನ್ ಮೈನಿ, ಜೇಹಾನ್ ದಾರುವಾಲಾ ಮತ್ತು ತರುಣ್ ರೆಡ್ಡಿ. ಅದೇ ವರ್ಷ ದೆಹಲಿ ಸಮೀಪದ ಬುದ್ಧ ಪಥದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಗ್ರ್ಯಾನ್ ಪ್ರೀ ನಡೆಯಿತು. ದೇಶದಲ್ಲಿ ಈ ಕ್ರೀಡೆಗೆ ಹೊಸ ಯುಗ ಬಂದಿತೆಂದೇ ಎಲ್ಲರೂ ಭಾವಿಸಿದರು. ಮೂರೇ ವರ್ಷಗಳಲ್ಲಿ ಅದು ನಿಂತಿತು. ರೇಸನ್ನು ಕ್ರೀಡೆಯೆಂದಲ್ಲ, ಮನರಂಜನೆಯೆಂದು ಪರಿಗಣಿಸಿ ಉತ್ತರ ಪ್ರದೇಶ ಸರಕಾರ ವಿಧಿಸಿದ ತೆರಿಗೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಫೋರ್ಸ್ ಇಂಡಿಯಾ ತಂಡವೂ 2018ರಲ್ಲಿ ದಿವಾಳಿಯ ಅಂಚಿಗೆ ಬಂದು ಕೈ ಬದಲಾಯಿತು. ಶೋಧ ನಡೆಸಿದ ತಂಡವೇ ಇಲ್ಲವಾಯಿತು. ಆರಿಸಿ ಬಂದ ಹುಡುಗ ಉಳಿದುಕೊಂಡ.

ಕಿರಿದಾಗುತ್ತ ಹೋಗುವ ಏಣಿ

2014ರಲ್ಲಿ ಹದಿನಾರು ವರ್ಷದ ಅರ್ಜುನ್ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಗೆ ಇಳಿದರು. ವರ್ಷದ ಕೊನೆಯ ಸುತ್ತಿನವರೆಗೂ ಪಟ್ಟ ಯಾರದೆಂದು ನಿರ್ಧಾರವಾಗಲಿಲ್ಲ. ಕಡೆಗೆ ಕೆಲವೇ ಅಂಕಗಳ ಅಂತರದಿಂದ ಅರ್ಜುನ್ ಎರಡನೆಯವರಾದರು. ಮೊದಲನೆಯವನಾಗಿ ಬಂದ ಹುಡುಗನ ಹೆಸರು ಜಾರ್ಜ್ ರಸೆಲ್. ಇಂದು ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಮರ್ಸಿಡಿಸ್ ತಂಡದ ಫಾರ್ಮುಲಾ ಒನ್ ಚಾಲಕ ಅವರೇ. ಅಂದು ಅವರಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಬಗೆಯ ಕಾರು ಓಡಿಸುತ್ತಿದ್ದವರು.

ಮುಂದೆ 2015ರಲ್ಲಿ ಯುರೋಪಿಯನ್ ಫಾರ್ಮುಲಾ 3, 2016ರಲ್ಲಿ ಜಿಪಿ3. 2017ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಪಥದಲ್ಲಿ ಸ್ವಿಟ್ಜರ್ಲೆಂಡಿನ ಜೆನ್ಜರ್ ತಂಡದ ಕಾರಿನಲ್ಲಿ ಅರ್ಜುನ್ ಜಿಪಿ3 ರೇಸೊಂದನ್ನು ಗೆದ್ದರು. ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ ಅವರು. ಅದೇ ವರ್ಷ ಅಮೆರಿಕದ ಹಾಸ್ ಫಾರ್ಮುಲಾ ಒನ್ ತಂಡ ಅವರನ್ನು ಅಭಿವೃದ್ಧಿ ಚಾಲಕರನ್ನಾಗಿ ಸೇರಿಸಿಕೊಂಡಿತು. ಏಣಿಯ ತುದಿ ಕಣ್ಣಿಗೆ ಕಾಣುತ್ತಿತ್ತು.

ಆದರೆ ಈ ಏಣಿಯ ಸ್ವರೂಪವನ್ನು ಅರಿಯಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಆಸನಗಳು ಕಡಿಮೆ, ಖರ್ಚು ಹೆಚ್ಚು. ಫಾರ್ಮುಲಾ 2ರ ಒಂದು ವರ್ಷಕ್ಕೆ ಇಪ್ಪತ್ತು ಲಕ್ಷ ಯೂರೋಗಳನ್ನೂ ಮೀರಿ ಬೇಕಾಗುತ್ತದೆಂದು ಆ ಲೋಕದವರು ಹೇಳುತ್ತಾರೆ. ಅದರ ಮೇಲಿನ ಫಾರ್ಮುಲಾ ಒನ್‌ನಲ್ಲಿ ಅಂದು ಇದ್ದ ಆಸನಗಳು ಇಡೀ ಜಗತ್ತಿಗೆ ಇಪ್ಪತ್ತು. ಭಾರತದಿಂದ ಅಲ್ಲಿ ಸ್ಪರ್ಧಿಸಿದವರು ಇಬ್ಬರೇ: ನರೇನ್ ಕಾರ್ತಿಕೇಯನ್ ಮತ್ತು ಕರುಣ್ ಚಂಧೋಕ್. ಸಿರಿವಂತ ಮನೆಯ ಬೆಂಬಲವಿಲ್ಲದೆ ಈ ಏಣಿಯ ಮೊದಲ ಮೆಟ್ಟಿಲನ್ನೂ ಹತ್ತಲಾಗದು ಎಂಬುದು ಸತ್ಯ. ಅರ್ಜುನರ ಕಥೆಯಲ್ಲಿಯೂ ಅದನ್ನು ಮರೆಮಾಚಬೇಕಾಗಿಲ್ಲ. ಹಣವು ಏಣಿಯ ಬುಡಕ್ಕೆ ಕರೆದೊಯ್ಯುತ್ತದೆ. ತಿರುವಿನಲ್ಲಿ ಬ್ರೇಕ್ ಯಾವಾಗ ಒತ್ತಬೇಕೆಂಬುದನ್ನು ಅದು ಕಲಿಸುವುದಿಲ್ಲ.

2018ರಲ್ಲಿ ಅರ್ಜುನ್ ಇಟಲಿಯ ಟ್ರೈಡೆಂಟ್ ತಂಡದೊಂದಿಗೆ ಫಾರ್ಮುಲಾ 2ಕ್ಕೆ ಏರಿದರು. ಆ ವರ್ಷ ಆ ಸರಣಿಯಲ್ಲಿ ಮೊದಲ ಮೂರು ಸ್ಥಾನ ಪಡೆದವರು ಜಾರ್ಜ್ ರಸೆಲ್, ಲ್ಯಾಂಡೊ ನಾರಿಸ್ ಮತ್ತು ಅಲೆಕ್ಸಾಂಡರ್ ಆಲ್ಬನ್. ಮೂವರೂ ಮರುವರ್ಷವೇ ಫಾರ್ಮುಲಾ ಒನ್ ಸೇರಿದರು. ಅರ್ಜುನರಿಗೆ ಆ ವರ್ಷ ಕಹಿಯಾಗಿತ್ತು. ಜುಲೈ ತಿಂಗಳಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ಮುಗಿದು ಕಾರುಗಳು ನಿಧಾನವಾಗಿ ಮರಳುತ್ತಿದ್ದಾಗ, ಅವರದೇ ತಂಡದ ಸಹಚಾಲಕ ಸ್ಯಾಂಟಿನೊ ಫೆರುಚ್ಚಿ ಅವರ ಕಾರಿಗೆ ಹಿಂದಿನಿಂದ ಗುದ್ದಿದರು. ತೀರ್ಪುಗಾರರು ಅದನ್ನು ಉದ್ದೇಶಪೂರ್ವಕ ಕೃತ್ಯವೆಂದು ಪರಿಗಣಿಸಿ ಎರಡು ವಾರಾಂತ್ಯಗಳ ನಿಷೇಧ ವಿಧಿಸಿದರು, ದಂಡವನ್ನೂ ಹಾಕಿದರು. ತಂಡವು ಆ ಚಾಲಕನನ್ನು ಕೈಬಿಟ್ಟಿತು. ನ್ಯಾಯ ಸಿಕ್ಕಿತು ಎನ್ನಬಹುದು. ಆದರೆ ಋತುವು ಕೈಜಾರಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ, ಹತ್ತು ವರ್ಷಗಳಿಂದ ಏರಿದ ಏಣಿಯ ಕೊನೆಯ ಮೆಟ್ಟಿಲಿನಲ್ಲಿ, ಮುಂದಿನ ಬಾಗಿಲು ತೆರೆಯಲಿಲ್ಲ.

ಹೊಸ ಬಾಗಿಲು

ಇಂಥ ಹಂತದಲ್ಲಿ ಅನೇಕ ಚಾಲಕರು ಮನೆಗೆ ಮರಳುತ್ತಾರೆ. ಅರ್ಜುನ್ ಕಾರನ್ನು ಬದಲಿಸಿದರು. 2019ರಲ್ಲಿ ಅವರು ಸಹಿಷ್ಣುತೆಯ ರೇಸುಗಳಿಗೆ, ಅಂದರೆ ಒಂದೇ ಕಾರನ್ನು ಹಲವರು ಸರದಿಯಂತೆ ಗಂಟೆಗಟ್ಟಲೆ ಓಡಿಸುವ ಸ್ಪರ್ಧೆಗಳಿಗೆ ಹೊರಳಿದರು. ಯುರೋಪಿಯನ್ ಲೆ ಮಾನ್ ಸರಣಿಯಲ್ಲಿ ಬ್ರಿಟನ್ನಿನ ಆರ್‌ಎಲ್‌ಆರ್ ತಂಡದಲ್ಲಿ ಅವರ ಜೊತೆಗಿದ್ದವರಲ್ಲಿ ಒಬ್ಬರು ಬ್ರೂನೊ ಸೆನ್ನಾ, ಮಹಾನ್ ಚಾಲಕ ಐರ್ಟನ್ ಸೆನ್ನಾ ಅವರ ಸೋದರಿಯ ಮಗ. ಇದೇ ಬ್ರೂನೊ 2014ರಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಸರಣಿ ಆರಂಭವಾದಾಗ ಮಹೀಂದ್ರ ತಂಡಕ್ಕಾಗಿ ಓಡಿದವರು. 2019ರ ಜೂನ್ ತಿಂಗಳಲ್ಲಿ ಅರ್ಜುನ್ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಪಾಲ್ಗೊಂಡರು. 2021ರ ಆರಂಭದಲ್ಲಿ ದುಬೈ ಮತ್ತು ಅಬುಧಾಬಿಯಲ್ಲಿ ನಡೆದ ಏಷ್ಯನ್ ಲೆ ಮಾನ್ ಸರಣಿಯಲ್ಲಿ ರೇಸಿಂಗ್ ಟೀಮ್ ಇಂಡಿಯಾ ಹೆಸರಿನ ಕಾರನ್ನು ನರೇನ್ ಕಾರ್ತಿಕೇಯನ್, ನವೀನ್ ರಾವ್ ಅವರೊಂದಿಗೆ ಹಂಚಿಕೊಂಡರು.

ಅದೇ ವರ್ಷ ಗೆಟ್‌ಸ್ಪೀಡ್ ತಂಡದ ಮರ್ಸಿಡಿಸ್ ಕಾರಿನೊಂದಿಗೆ ಡಿಟಿಎಂ ಪ್ರವೇಶವಾಯಿತು. ಎದುರಾಳಿಗಳ ಸಾಲಿನಲ್ಲಿ ಯಾರಿದ್ದರು? ಫಾರ್ಮುಲಾ ಒನ್ ಆಸನ ಕಳೆದುಕೊಂಡು ಬಂದಿದ್ದ ಅದೇ ಅಲೆಕ್ಸಾಂಡರ್ ಆಲ್ಬನ್. ಮುಂದೆ ಫಾರ್ಮುಲಾ ಒನ್ ಸೇರಲಿದ್ದ ನ್ಯೂಜಿಲೆಂಡಿನ ಲಿಯಾಮ್ ಲಾಸನ್. ಮೇಲಿನ ಮೆಟ್ಟಿಲಿನವರೂ ಕೆಳಗಿನ ಮೆಟ್ಟಿಲಿನವರೂ ಇಲ್ಲಿ ಒಂದೇ ಗೆರೆಯ ಹಿಂದೆ ನಿಂತಿದ್ದರು. 2022ರಲ್ಲಿ ಅರ್ಜುನ್ ಹೌಪ್ಟ್ ರೇಸಿಂಗ್ ತಂಡವನ್ನು ಸೇರಿದರು. ಸ್ವತಃ ಡಿಟಿಎಂ ಚಾಲಕರಾಗಿದ್ದ ಹುಬರ್ಟ್ ಹೌಪ್ಟ್ ಕಟ್ಟಿದ ತಂಡವದು. 2023, 2024ರಲ್ಲಿಯೂ ಅದೇ ತಂಡ, ಅದೇ ಮರ್ಸಿಡಿಸ್. 2025ರಲ್ಲಿ ತಂಡ ಮರ್ಸಿಡಿಸ್ ಬಿಟ್ಟು ಫೋರ್ಡ್ ಮಸ್ಟಾಂಗ್ ಕಾರನ್ನು ಆರಿಸಿಕೊಂಡಾಗಲೂ ಅರ್ಜುನರನ್ನು ಉಳಿಸಿಕೊಂಡಿತು. ಲಗುನಾ ಸೆಕಾದಲ್ಲಿ 1970ರಲ್ಲಿ ಗೆದ್ದ ಮಸ್ಟಾಂಗಿನ ಹೆಸರು ಅರ್ಧ ಶತಮಾನದ ಬಳಿಕ ಜರ್ಮನಿಯ ಟೂರಿಂಗ್ ಕಾರ್ ಕಣದಲ್ಲಿ ಬೆಂಗಳೂರಿನ ಚಾಲಕನ ಕೈಗೆ ಬಂದಿತು.

ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳು ಇಲ್ಲಿಯೇ ಇದೆ. ರೇಸಿಂಗ್ ಜಗತ್ತಿನಲ್ಲಿ ಪ್ರಶಸ್ತಿಫಲಕ ಒಂದು ಅಳತೆ; ಇನ್ನೊಂದು ಅಳತೆ, ಮುಂದಿನ ವರ್ಷ ಮತ್ತೆ ಆಸನ ಸಿಗುತ್ತದೆಯೇ ಎಂಬುದು. ಇಂಜಿನಿಯರುಗಳು ಚಾಲಕನ ಮಾತನ್ನು ನಂಬಿ ಕಾರನ್ನು ತಿದ್ದುತ್ತಾರೆ. ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತಿದೆಯೋ, ಹಿಂಭಾಗ ಸಡಿಲವಾಗಿದೆಯೋ, ಟೈರು ಎಷ್ಟನೆಯ ಸುತ್ತಿನಲ್ಲಿ ಸೋಲುತ್ತಿದೆ ಎಂಬುದನ್ನು ಅವನು ನಿಖರವಾಗಿ ಹೇಳಬೇಕು. ಹೇಳಿದ್ದು ಮಾಹಿತಿಯ ಗೆರೆಗಳೊಂದಿಗೆ ತಾಳೆಯಾಗಬೇಕು. ಸೋತ ದಿನವೂ ಉಪಯುಕ್ತವಾಗಿ ಮಾತಾಡಬಲ್ಲವನನ್ನು ತಂಡ ಉಳಿಸಿಕೊಳ್ಳುತ್ತದೆ. ಒಂದೇ ತಂಡ ನಾಲ್ಕು ಋತುಗಳ ಕಾಲ, ಕಾರಿನ ಕಂಪನಿ ಬದಲಾದಾಗಲೂ, ಒಬ್ಬನನ್ನು ಇಟ್ಟುಕೊಂಡಿತೆಂದರೆ ಅದು ಯಾವ ಪದಕಕ್ಕೂ ಕಡಿಮೆಯಲ್ಲದ ಪ್ರಮಾಣಪತ್ರ.

ನಮ್ಮ ಕರಾವಳಿಯ ಕಂಬಳವನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಬಹುಕಾಲ ಕೋಣಗಳ ಯಜಮಾನರ ಹೆಸರು ಮೊಳಗುತ್ತಿತ್ತು. ಕೆಸರಿನಲ್ಲಿ ಓಡಿದವನ ಹೆಸರು ಊರಿನಾಚೆ ತಿಳಿಯುತ್ತಿರಲಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗಲೇ ಜಗತ್ತು ಓಟಗಾರನ ಕಡೆಗೆ ತಿರುಗಿ ನೋಡಿದ್ದು. ಟೂರಿಂಗ್ ಕಾರ್ ಕಣದಲ್ಲಿಯೂ ಮರ್ಸಿಡಿಸ್, ಫೋರ್ಡ್ ಎಂಬ ಹೆಸರುಗಳ ಕೆಳಗೆ ಚಾಲಕನ ಹೆಸರು ಚಿಕ್ಕದಾಗಿರುತ್ತದೆ. ಆದರೆ ಓಡಿಸುವವನಿಲ್ಲದೆ ಕೋಣವೂ ಓಡದು, ಕಾರೂ ಓಡದು.

ದೇಹದ ಲೆಕ್ಕ

ವೈದ್ಯನಾದ ನನಗೆ ಈ ಕ್ರೀಡೆಯ ಬಗ್ಗೆ ಕುತೂಹಲ ಹುಟ್ಟಿದ್ದು ದೇಹದ ಮೂಲಕ. ಕುಳಿತು ಕಾರು ಓಡಿಸುವುದು ಎಂಥ ಕ್ರೀಡೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಮುಚ್ಚಿದ ಕಾರಿನೊಳಗೆ ಎಂಜಿನ್ನಿನ ಬಿಸಿ ಸೇರಿ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬೆಂಕಿ ತಡೆಯುವ ಹಲವು ಪದರಗಳ ಉಡುಪು, ಕೈಗವಸು, ಹೆಲ್ಮೆಟ್ ಧರಿಸಿದ ಚಾಲಕ ಸುಮಾರು ಒಂದು ಗಂಟೆಯ ಕಾಲ ಅಲ್ಲಿ ಇರಬೇಕು. ಹೃದಯ ನಿಮಿಷಕ್ಕೆ 150ರಿಂದ 180 ಬಾರಿ ಬಡಿಯುವುದು ಸಾಮಾನ್ಯ. ಇದು ಬೆಟ್ಟ ಹತ್ತಿ ಓಡುವವನ ಹೃದಯಗತಿ. ಒಂದು ಗಂಟೆಯಲ್ಲಿ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ದೇಹದ ತೂಕದ ನೂರಕ್ಕೆ ಎರಡು ಭಾಗ ನೀರು ಕಳೆದರೆ ಗಮನ ಸಡಿಲವಾಗತೊಡಗುತ್ತದೆಂದು ನಾವು ವೈದ್ಯಶಾಸ್ತ್ರದಲ್ಲಿ ಓದುತ್ತೇವೆ. ಆ ಸ್ಥಿತಿಯಲ್ಲಿ, ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ, ಪಕ್ಕದ ಕಾರಿಗೂ ತನ್ನ ಕಾರಿಗೂ ಒಂದು ಗೇಣಿನ ಅಂತರವಿಟ್ಟು ಸರಿಯಾದ ಕ್ಷಣದಲ್ಲಿ ಬ್ರೇಕ್ ತುಳಿಯಬೇಕು. ಆ ಬ್ರೇಕನ್ನು ತುಳಿಯಲು ಹತ್ತಾರು ಕಿಲೋಗಳ ಒತ್ತಡ ಬೇಕು, ಅದೂ ರೇಸ್ ಒಂದರಲ್ಲಿ ನೂರಾರು ಬಾರಿ.

ಅಪಾಯವನ್ನು ಕಡಿಮೆ ಮಾಡಿದವರಲ್ಲಿ ಒಬ್ಬರನ್ನು ಇಲ್ಲಿ ನೆನೆಯಬೇಕು. ಹಿಂದೆ ಕಾರು ಗೋಡೆಗೆ ಬಡಿದಾಗ ಬೆಲ್ಟು ಎದೆಯನ್ನು ಹಿಡಿದಿಡುತ್ತಿತ್ತು, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತಿತ್ತು. ತಲೆಬುರುಡೆಯ ತಳಭಾಗ ಮುರಿದು ಚಾಲಕರು ಸಾಯುತ್ತಿದ್ದರು. 1981ರಲ್ಲಿ ಗೆಳೆಯನೊಬ್ಬ ಹೀಗೆ ಸತ್ತದ್ದನ್ನು ಕಂಡ ಅಮೆರಿಕದ ಚಾಲಕ ಜಿಮ್ ಡೌನಿಂಗ್ ತಮ್ಮ ಸಂಬಂಧಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಬ್ ಹಬಾರ್ಡ್ ಅವರ ಮುಂದೆ ಈ ಸಮಸ್ಯೆಯನ್ನಿಟ್ಟರು. ಹೆಗಲ ಮೇಲೆ ಕೂತು ಹೆಲ್ಮೆಟ್ಟನ್ನು ಪಟ್ಟಿಗಳಿಂದ ಹಿಡಿದಿಡುವ ಹ್ಯಾನ್ಸ್ ಎಂಬ ಸಾಧನ ಹುಟ್ಟಿದ್ದು ಹೀಗೆ. ವರ್ಷಗಟ್ಟಲೆ ಯಾರೂ ಅದನ್ನು ಬಯಸಲಿಲ್ಲ. ಕುತ್ತಿಗೆ ಬಿಗಿಯುತ್ತದೆಂದು ಚಾಲಕರು ಗೊಣಗಿದರು. 2001ರಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ಅದೇ ಬಗೆಯ ಗಾಯದಿಂದ ಮಡಿದ ಮೇಲೆ ಅಭಿಪ್ರಾಯ ಬದಲಾಯಿತು. 2003ರಲ್ಲಿ ಫಾರ್ಮುಲಾ ಒನ್ ಅದನ್ನು ಕಡ್ಡಾಯಗೊಳಿಸಿತು. ಅರ್ಜುನರ ಪೀಳಿಗೆಯ ತಾಯಂದಿರು ಮಕ್ಕಳನ್ನು ಕಣಕ್ಕೆ ಕಳಿಸುವಾಗ ತುಸುವಾದರೂ ನೆಮ್ಮದಿಯಿಂದ ಉಸಿರಾಡುವಂತೆ ಮಾಡಿದ ಸಾಧನ ಅದು.

ನಮ್ಮ ಮನೆಗಳಿಗೆ ಇದರ ಅರ್ಥ

ಅರ್ಜುನರ ತಮ್ಮ ಕುಶ್ ಮೈನಿ ಇನ್ನೂ ಆ ಮೊದಲ ಏಣಿಯನ್ನೇ ಹತ್ತಿದವರು. 2024ರಲ್ಲಿ ಹಂಗೆರಿಯಲ್ಲಿ, 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸುಗಳನ್ನು ಗೆದ್ದರು. ಒಂದೇ ಮನೆ, ಒಂದೇ ತರಬೇತಿ, ಎರಡು ದಾರಿ. ತಮ್ಮನ ದಾರಿ ಮೇಲು, ಅಣ್ಣನದು ಕೀಳು ಎಂದು ಆ ಕ್ರೀಡೆಯನ್ನು ಬಲ್ಲವರು ಹೇಳುವುದಿಲ್ಲ. ಹಾಗೆ ಹೇಳುವವರು ನಾವು, ದೂರದಿಂದ ನೋಡುವವರು.

ಈ ದೃಷ್ಟಿ ನಮಗೆ ಎಲ್ಲಿಂದ ಬಂತು? ನನ್ನ ವೃತ್ತಿಯಲ್ಲೇ ನೋಡಿದ್ದೇನೆ. ಊರಿನಲ್ಲಿ ಎಂಬಿಬಿಎಸ್ ಮುಗಿಸಿ ಶಸ್ತ್ರವೈದ್ಯರಾಗಬೇಕೆಂದು ಈ ದೇಶಕ್ಕೆ ಬಂದವರು ಎಷ್ಟೋ ಮಂದಿ. ಇಲ್ಲಿನ ರೆಸಿಡೆನ್ಸಿ ಆಯ್ಕೆಯಲ್ಲಿ ಆ ಬಾಗಿಲು ತೆರೆಯದೆ ಬೇರೆ ಶಾಖೆಗೆ ಹೋದವರು ಅವರಲ್ಲಿ ಹಲವರು. ಇಂದು ಅವರು ತಮ್ಮ ಶಾಖೆಯಲ್ಲಿ ರೋಗಿಗಳು ಹುಡುಕಿಕೊಂಡು ಬರುವ ವೈದ್ಯರು. ಆದರೂ ಊರಿಗೆ ಹೋದಾಗ ಹಿರಿಯರು ಕೇಳುತ್ತಾರೆ: ಅದು ಸಿಗಲಿಲ್ಲವೇ? ಇಪ್ಪತ್ತು ವರ್ಷಗಳ ದುಡಿಮೆ ಆ ಒಂದು ಪ್ರಶ್ನೆಯ ಮುಂದೆ ಸಣ್ಣದಾಗಿಬಿಡುತ್ತದೆ.

ಅದೇ ಪ್ರಶ್ನೆಯನ್ನು ಈಗ ನಾವು ನಮ್ಮ ಮಕ್ಕಳಿಗೆ ಕೇಳುತ್ತಿದ್ದೇವೆ. ಸ್ಪೆಲ್ಲಿಂಗ್ ಬೀ, ಗಣಿತ ಸ್ಪರ್ಧೆ, ಈಜು, ಟೆನಿಸ್, ಕಾಲೇಜು ಪ್ರವೇಶ: ಎಲ್ಲವೂ ಮೇಲಕ್ಕೆ ಹೋದಂತೆ ಕಿರಿದಾಗುವ ಏಣಿಗಳೇ. ತುದಿಯಲ್ಲಿ ಇಪ್ಪತ್ತು ಆಸನಗಳಿರುವ ಏಣಿಗೆ ಲಕ್ಷ ಮಕ್ಕಳನ್ನು ಹತ್ತಿಸಿ, ತಲುಪದವರನ್ನೆಲ್ಲ ಸೋತವರೆಂದು ಕರೆದರೆ ಲೆಕ್ಕ ತಪ್ಪಿದ್ದು ಮಕ್ಕಳದಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ನಿದ್ದೆ ಬಾರದ, ಹೊಟ್ಟೆ ನೋವೆಂದು ಹೇಳುವ, ಎದೆ ಬಿಗಿಯುತ್ತದೆಂದು ಅಳುವ ಮಕ್ಕಳ ಕಥೆಗಳನ್ನು ನನ್ನಂಥ ವೈದ್ಯರು ಕೇಳುತ್ತಲೇ ಇರುತ್ತೇವೆ. ಅವರ ಹೊಟ್ಟೆಯಲ್ಲಿ ಹುಣ್ಣಿರುವುದಿಲ್ಲ. ಎರಡನೆಯ ಸ್ಥಾನದ ಭಯವಿರುತ್ತದೆ.

ಪ್ರಯತ್ನವೇ ಬೇಡ, ಸ್ಪರ್ಧೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅರ್ಜುನ್ ಕೂಡ ಸ್ಪರ್ಧೆಯನ್ನು ಬಿಡಲಿಲ್ಲ. ಪ್ರತಿ ಋತುವಿನಲ್ಲೂ ಗೆಲ್ಲಬೇಕೆಂದೇ ಕಾರು ಹತ್ತುತ್ತಾರೆ. ಅವರು ಬಿಟ್ಟದ್ದು ಒಂದೇ ದಾರಿಯೆಂಬ ಹಟವನ್ನು. ಒಂಟಿ ಆಸನದ ಕಾರಿನಲ್ಲಿ ಕಲಿತ ಸೂಕ್ಷ್ಮತೆಯನ್ನು ಭಾರದ ಕಾರಿಗೆ ಹೊಂದಿಸಿಕೊಂಡರು. ಸಹಚಾಲಕನ ಗುದ್ದಾಟ ಕಂಡ ಮೇಲೂ, ಒಂದೇ ಕಾರನ್ನು ಇತರರೊಡನೆ ಹಂಚಿಕೊಳ್ಳುವ ರೇಸುಗಳಿಗೆ ಮನಸ್ಸು ತೆರೆದರು. ಕಲಿತದ್ದೇನೂ ವ್ಯರ್ಥವಾಗಲಿಲ್ಲ. ನಮ್ಮ ಮಕ್ಕಳಿಗೆ ನಾವು ಕೊಡಬಹುದಾದ ಆಸ್ತಿ ಇದೇ ಇರಬಹುದು: ಒಂದು ಬಾಗಿಲು ಮುಚ್ಚಿದಾಗ ಅಲ್ಲಿಯವರೆಗಿನ ದುಡಿಮೆಯೂ ಮುಚ್ಚಿಹೋಗುವುದಿಲ್ಲ ಎಂಬ ಭರವಸೆ.

ಡಿಟಿಎಂ ರೇಸುಗಳು ವಸಂತದಿಂದ ಅಕ್ಟೋಬರ್ ತಿಂಗಳವರೆಗೆ ಶನಿವಾರ ಮತ್ತು ಭಾನುವಾರ ನಡೆಯುತ್ತವೆ. ಜರ್ಮನಿಯ ಮಧ್ಯಾಹ್ನ ಒಂದೂವರೆ ಎಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಕ್ರಿಕೆಟ್ಟಿಗಾಗಿ ಆ ಹೊತ್ತಿಗೆ ಎದ್ದು ಕಾಫಿ ಕಾಸಿದ ಅಭ್ಯಾಸ ನಮಗೆ ಇದ್ದೇ ಇದೆ. ಒಮ್ಮೆ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಬೆಂಗಳೂರಿನ ಹುಡುಗ ಮೊದಲನೆಯವನಾಗಿ ಬಂದರೆ ಚಪ್ಪಾಳೆ ತಟ್ಟೋಣ. ಏಳನೆಯವನಾಗಿ ಬಂದರೆ, ಅವನು ಹತ್ತನೆಯ ಸ್ಥಾನದಿಂದ ಹೇಗೆ ಮುಂದೆ ಬಂದನೆಂದು ಮಕ್ಕಳಿಗೆ ತೋರಿಸೋಣ.